ಕಹಿ ಮರಗೆಣಸಿನ ಚೇಡತ್ತಿ

ಕಿವಿಯ ಮೇಲಂಚಿನ ಬಳೆಯಂಥ ದಪ್ಪ ಬಂಗಾರದ ಓಲೆ ಕುಣಿಯುತ್ತಿತ್ತು. ಉಟ್ಟ ಬಿಳಿ ಮುಂಡು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಚೇಡತ್ತಿ ನನ್ನ ಕೂಗು ಕೇಳಿ ಗುಡ್ಡೆಯಿಂದ ಓಡಿ ಬಂದಳು. ನನ್ನ ಅಮ್ಮ ಜಗಲಿಯಲ್ಲಿ ಬಿದ್ದುಕೊಂಡು ವಾಂತಿ ಮಾಡುತ್ತಿದ್ದಳು.

“ಎಡಾ, ಗೆಣಸು ಬೇಯಿಸಿದ ನೀರು ಎಂತ ಮಾಡಿದ್ದು?” ಎಂದು ನನ್ನನ್ನು ಕೇಳಿದಳು.

“ಎಂತ ಮಾಡುದು? ಅಮ್ಮ ಉಪ್ಪು ಹಾಕಿ ಕುಡಿದ್ರು.”

“ಅಯ್ಯೋ ಕರ್ತಾವೇ! ವಿಷ ಎಲ್ಲ ಆ ನೀರಲ್ಲೇ ಇರುದಲ್ವಾ!”

ನಮ್ಮಲ್ಲಿ ತೆಳಿ ಚೆಲ್ಲುವ ಕ್ರಮ ಇಲ್ಲ. ಕುಚ್ಚಲಕ್ಕಿ ಬೆಂದ ನೀರಿಗೆ ಅನ್ನದಷ್ಟೇ ಮರ್ಯಾದೆ. ಚೇಡತ್ತಿ ಕೊಟ್ಟ ಮರಗೆಣಸನ್ನೂ ಅಮ್ಮ ಹಾಗೆಯೇ ಬೇಯಿಸಿ, ಮೊದಲು ಅದರ ತೆಳಿ ಕುಡಿದಿದ್ದಳು.

ಚೇಡತ್ತಿ ಎಂದರೆ ಮಲೆಯಾಳದಲ್ಲಿ ಅಕ್ಕ. ಐವತ್ತರ ದಶಕದ ಕೊನೆಗೆ ಕೇರಳದಿಂದ ಬಂದು, ನೆಲ್ಯಾಡಿಯಲ್ಲಿ ನಮ್ಮ ಮೇಲಿನ ಗುಡ್ಡೆಯಲ್ಲಿ ಕಾಡು ಕಡಿದು ಕೂತ ಕ್ರಿಸ್ತಾನರು ಅವಳ ಮನೆಯವರು. ಅವಳು ಏನು ತಿನ್ನುತ್ತಾಳೆಂದು ನೋಡಲು ನಾನು ಸುಮ್ಮನೆ ಗುಡ್ಡ ಹತ್ತುತ್ತಿದ್ದೆ. ಬೆಂದ ಗೆಣಸು, ಉಪ್ಪು ಹಾಕಿ ಜಜ್ಜಿದ ಸೂಜಿಮೆಣಸು, ಹಾಲಿಲ್ಲದ ಬೆಲ್ಲದ ಕಾಫಿ. ನಾನು ಮುಖ ಸಿಂಡರಿಸಿದರೆ ಹೇಳುವಳು: “ಬಾಯಿ ತುರಿಸುವ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಿ ತಿಂತೀರಿ. ನನ್ನ ಗೆಣಸಿಗೆ ನಗ್ತೀಯಾ?”

ಆ ವರ್ಷ ಅಂಗಡಿಯಲ್ಲಿ ಅಕ್ಕಿ ಇರಲಿಲ್ಲ. ಅದಕ್ಕೇ ಅವಳು ಗೆಣಸು ಕೊಟ್ಟದ್ದು.

ಚೇಡತ್ತಿ ಬೆಲ್ಲದ ನೀರು ಕುಡಿಸಿದ ಮೇಲೆ ಅಮ್ಮನ ವಾಂತಿ ನಿಂತಿತು. ಅಷ್ಟರಲ್ಲಿ ಸೋದರಮಾವ ಕತ್ತಿ ಹಿಡಿದು ಬಂದ.

“ನಮ್ಮನ್ನು ಕೊಲ್ಲಲಿಕ್ಕೆ ಬಂದದ್ದಾ ಮಾರಾಯ್ತಿ ನೀವು? ಒಂದು ಗಿಡ ಬಿಡುದಿಲ್ಲ, ಎಲ್ಲ ಕಡಿದು ಹಾಕ್ತೇನೆ.”

ಆ ಗಿಡಗಳು ಹೋದರೆ ಅವಳ ಮಕ್ಕಳಿಗೆ ತಿನ್ನಲು ಬೇರೆ ಇಲ್ಲ. ಅದು ಮಾವನಿಗೂ ಗೊತ್ತಿತ್ತು.

“ಆಮೇಲೆ ಕಡಿ. ಮೊದ್ಲು ಬೆಂಕಿ ಕೊಡು,” ಎಂದಳು ಚೇಡತ್ತಿ.

ಅಡುಗೆಮನೆಗೆ ಅವಳನ್ನು ಯಾರೂ ಕರೆಯಲಿಲ್ಲ. ಅಂಗಳದಲ್ಲೇ ಕಲ್ಲಿಟ್ಟು, ತಾನು ಕೊಟ್ಟದ್ದರಲ್ಲಿ ಉಳಿದಿದ್ದ ಹಸಿ ಗೆಣಸನ್ನು ಸಿಪ್ಪೆ ತೆಗೆದು, ಮುಚ್ಚಳ ಹಾಕದೆ ಬೇಯಿಸಿದಳು. ನೀರು ಬಸಿದು ಚೆಲ್ಲಿದಳು. ಹೊಸ ನೀರು ಹಾಕಿ ಮತ್ತೆ ಬೇಯಿಸಿ ಮತ್ತೆ ಚೆಲ್ಲಿದಳು. ನನಗೆ ತಡೆಯಲಿಲ್ಲ.

“ವಿಷ ಉಂಟಂತ ಗೊತ್ತಿದ್ದೂ ಇದನ್ನೇ ಯಾಕೆ ನೆಡುದು?”

“ಕಹಿ ಇಲ್ಲದ ಜಾತಿ ನೆಟ್ರೆ ಹಂದಿ ಬಿಡ್ತದಾ? ಇದನ್ನು ಹಂದಿ ಮುಟ್ಟುದಿಲ್ಲ. ನೀರು ಚೆಲ್ಲಲಿಕ್ಕೆ ಹಂದಿಗೆ ಗೊತ್ತಿಲ್ಲ.”

ಎಲ್ಲರ ಎದುರು ಒಂದು ತುಂಡು ತಿಂದಳು.

“ನಿಮಗೆ ಅಭ್ಯಾಸ ಆಗಿರ್ತದೆ,” ಎಂದ ಮಾವ. ಕತ್ತಿ ಕೆಳಗಿಡಲಿಲ್ಲ.

ಆಗ ಜಗಲಿಯಿಂದ ಅಮ್ಮ ಎಂದಳು, “ಇಲ್ಲಿ ಕೊಡಿ.”

ಬೇರೆ ಜಾತಿಯವರ ಮನೆಯಲ್ಲಿ ನೀರೂ ಮುಟ್ಟದ ಹೆಂಗಸು. ಚೇಡತ್ತಿಯ ಕೈಯಿಂದಲೇ ತೆಗೆದುಕೊಂಡು ತಿಂದಳು. ನಾವು ಹೊತ್ತು ಮುಳುಗುವವರೆಗೆ ಅಮ್ಮನ ಮುಖವನ್ನೇ ನೋಡುತ್ತಾ ಕೂತೆವು.

“ಎಂತ ನೋಡ್ತೀರಿ? ಇನ್ನೂ ಸ್ವಲ್ಪ ಉಪ್ಪು ಬೇಕಿತ್ತು,” ಎಂದಳು ಅಮ್ಮ.

ಮಾವ ಪಾತ್ರೆಗೆ ಕೈ ಹಾಕಿದ. ಗಿಡ ಉಳಿಯಿತು. ಆ ಮಳೆಗಾಲ ಎರಡೂ ಮನೆ ಬದುಕಿದ್ದು ಆ ಗೆಣಸಿನಲ್ಲಿ.

ಕೆಲವು ವರ್ಷ ಕಳೆದು ಚೇಡತ್ತಿ ಚಳಿಜ್ವರದಲ್ಲಿ ಸತ್ತಳು. ಅವಳನ್ನು ಹೂಳಲು ಹೊಂಡ ತೋಡಿದ್ದು ಮಾವ ಮತ್ತು ನಾನು. ಅಮ್ಮ ಅವಳ ಅಡುಗೆಮನೆಗೆ ಹೋಗಿ, ಒಲೆ ಹೊತ್ತಿಸಿ, ಮಕ್ಕಳಿಗೆ ಬಡಿಸಿದಳು.

ಅಷ್ಟೇ. ಇನ್ನು ಹೇಳಲಿಕ್ಕೆ ನನ್ನಲ್ಲಿ ಏನೂ ಇಲ್ಲ.