ಕದಿರಮ್ಮನ ಕೂಗಿಗೆ ನಿಂತ ಜಪಾನಿನ ಚರಕ

ಬೆಂಗಳೂರಿಗೆ ಹತ್ತಿರದ ವಿಜಯಪುರದ ಚಿನ್ನಸ್ವಾಮಿಯ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕದಿರಮ್ಮನಿಗೆ ಸಿನಿಮಾ ಅಂದರೆ ಪ್ರಾಣ. ಭಾನುವಾರ ಟೆಂಟಿನಲ್ಲಿ ನೋಡಿದ್ದನ್ನು ಸೋಮವಾರ ಶೆಡ್ಡಿನ ಹೆಂಗಸರಿಗೆಲ್ಲ ಹೇಳಬೇಕು. ಬರೀ ಹೇಳುವುದಲ್ಲ, ಆಡಿ ತೋರಿಸಬೇಕು. ಬಿಸಿನೀರಿನ ಬಾಣಲೆಯಲ್ಲಿ ರೇಷ್ಮೆಗೂಡು ತಿರುವುವ ಕಡ್ಡಿಯೇ ಅವಳ ಕತ್ತಿ. ವಿಲನ್ ಸಾಯುವಾಗ ಬಿಸಿನೀರು ಪಕ್ಕದವರ ಮೇಲೂ ಹಾರುತ್ತಿತ್ತು, ಯಾರೂ ಬೈಯುತ್ತಿರಲಿಲ್ಲ. ತಮಿಳಾಗಲಿ, ಹಿಂದಿಯಾಗಲಿ, ಕದಿರಮ್ಮನಿಗೆ ಅರ್ಥವಾಗದ ಕಥೆ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅವಳೇ ಹೇಳಿಕೊಂಡು ತಿರುಗುತ್ತಿದ್ದಳು.

ಎಪ್ಪತ್ತೆರಡನೇ ಇಸವಿಯಲ್ಲಿ ಬೆಂಗಳೂರಿನಲ್ಲೊಂದು ಜಪಾನೀ ಸಿನಿಮಾ ಉತ್ಸವ ನಡೆಯಿತು. ಅದರಲ್ಲೊಂದು ಹೊಸ ಚಿತ್ರ ರೇಷ್ಮೆ ಬಿಚ್ಚುವ ಹುಡುಗಿಯದಂತೆ. ಯಾರೋ ಪರಿಚಯದವರು ಚಿನ್ನಸ್ವಾಮಿಗೆ ಎರಡು ಪಾಸು ಕೊಟ್ಟರು. ಅವನಿಗೆ ಪುರುಸೊತ್ತಿರಲಿಲ್ಲ. ಅವನ ಹೆಂಡತಿ ಅನುಸೂಯಮ್ಮ, "ನಾನೊಬ್ಬಳೇ ಹೋಗಲ್ಲ, ಕದಿರಮ್ಮ ಬರ್ಲಿ" ಎಂದಳು. ಶೆಡ್ಡಿಗೆ ಶೆಡ್ಡೇ ಕುಣಿಯಿತು. ಅವತ್ತಿನ ಕದಿರಮ್ಮನ ಪಾಲಿನ ಗೂಡನ್ನು ಏಳು ಜನ ಹಂಚಿಕೊಂಡರು.

"ಪೂರ್ತಿ ಕಥೆ ತರ್ಬೇಕು ಕಣೇ, ಕೊನೇನೂ ಸೇರಿ," ಎಂದಳು ಅವಳು ಬಿಚ್ಚಿದ ನೂಲು ಸುತ್ತುವ ಚರಕ ತಿರುಗಿಸುವ ಮುನಿತಾಯಮ್ಮ. "ತರ್ದಿದ್ರೆ ಇನ್ಮೇಲೆ ನಿನ್ನ ಕಥೆ ಯಾರೂ ಕೇಳಲ್ಲ."

"ಜಪಾನಿನೋರೇನು ಕಿವೀಲಿ ಅಳ್ತಾರಾ? ತರ್ತೀನಿ ಬಿಡು!"

ಥಿಯೇಟರಿನ ತುಂಬ ಸೂಟು, ಕನ್ನಡಕ. ದೀಪ ಆರಿದ ಹತ್ತೇ ನಿಮಿಷಕ್ಕೆ ಅನುಸೂಯಮ್ಮ ಗೊರಕೆ ಹೊಡೆದಳು. ಕದಿರಮ್ಮ ಪರದೆಗೇ ಕಣ್ಣು ನೆಟ್ಟಳು. ಹಾಡಿಲ್ಲ, ಹೊಡೆದಾಟವಿಲ್ಲ, ಯಾರಿಗೆ ಯಾರು ಏನಾಗಬೇಕೋ ತಿಳಿಯದು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು. ಅವಳಿಗೋ ಕನ್ನಡವೇ ಓದಲು ಬಾರದು. ಅಯ್ಯೋ ಶಿವನೇ, ಏಳು ಜನಕ್ಕೆ ಏನಂತ ಹೇಳಲಿ?

ಆಗ ಪರದೆಯ ತುಂಬ ಆವಿ ಎದ್ದಿತು. ಬಾಣಲೆ! ಅದರಲ್ಲಿ ಹುಡುಗಿಯ ಕೈ, ಬಿಸಿನೀರಿನಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ಬೆರಳು. ಕದಿರಮ್ಮ ತನ್ನ ಕೈ ನೋಡಿಕೊಂಡಳು. ಅದೇ ಕೈ! ಹುಡುಗಿಯ ಹಿಂದೆ ಮುದುಕಿಯೊಬ್ಬಳು ಚರಕ ತಿರುಗಿಸುತ್ತಿದ್ದಳು. ಅಷ್ಟರಲ್ಲಿ ಎಳೆ ಪಟ್ಟನೆ ಕಡಿಯಿತು.

ಎಳೆ ಕಡಿದರೆ ಬಿಚ್ಚುವವಳು ಕೂಗಬೇಕು, ತಿರುಗಿಸುವವಳು ನಿಲ್ಲಿಸಬೇಕು. ಇಲ್ಲದಿದ್ದರೆ ಕಡಿದ ತುದಿ ಚರಕಕ್ಕೆ ಸುತ್ತಿದ ನೂಲಿನ ಲಡಿಯೊಳಗೆ ಸೇರಿ ಕೈಗೆ ಸಿಗುವುದಿಲ್ಲ. ಹದಿನೆಂಟು ವರ್ಷದ ಅಭ್ಯಾಸ. ಕದಿರಮ್ಮ ಎದ್ದು ನಿಂತು, "ಕಡೀತು! ನಿಲ್ಸೇ!" ಎಂದು ಕಿರುಚಿಬಿಟ್ಟಳು.

ಪರದೆಯ ಮೇಲೆ ಮುದುಕಿ ಚರಕ ನಿಲ್ಲಿಸಿದಳು.

ಸೂಟಿನವರೆಲ್ಲ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಅನುಸೂಯಮ್ಮ ಬೆಚ್ಚಿ ಎದ್ದು, "ಏನಾಯ್ತೇ, ವಿಜಯಪುರ ಬಂತಾ?" ಎಂದಳು.

ಮಾರನೆಯ ದಿನ ಕಥೆ ಶುರುವಾಯಿತು. ಗೂಡಿನಿಂದ ಕಿತ್ತ ಹಗುರ ನಾರಿನ ಜುಂಗು ತೂರಿ ಕದಿರಮ್ಮ ಸಿನಿಮಾದ ಹಿಮ ಸುರಿಸಿದಳು, ಮುದುಕಿಯಂತೆ ಸೊಂಟ ಬಗ್ಗಿಸಿದಳು, ತಾನು ಕೂಗಿದ್ದನ್ನೂ ಕೂಗಿ ತೋರಿಸಿದಳು. ಹೆಂಗಸರ ಕಣ್ಣಲ್ಲಿ ನಗುವಿನ ನೀರು.

"ಕೊನೇಗೆ ಹುಡುಗಿ ಬಾಗಿಲಿಗೆ ಬಂದು ನಿಂತ್ಕೊಂಡ್ಳು."

"ಆಮೇಲೆ? ಮದ್ವೆ ಆಯ್ತಾ?" ಎಂದಳು ಮುನಿತಾಯಮ್ಮ.

ಬ್ಯಾಂಡು ಸಮೇತ ಮದುವೆ ಮಾಡಿಸುವುದು ಕದಿರಮ್ಮನಿಗೇನು ಕಷ್ಟ? ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ಬೆರಳುಗಳು ನೆನಪಾದವು. ಸುಳ್ಳು ಹೇಳಲು ಮನಸ್ಸೇ ಬರಲಿಲ್ಲ.

"ಗೊತ್ತಿಲ್ಲ ಕಣೇ. ಅಲ್ಲಿಗೇ ದೀಪ ಹಾಕ್ಬಿಟ್ರು."

ಕದಿರಮ್ಮ ಕಡ್ಡಿ ಕೆಳಗಿಟ್ಟಳು. ಇನ್ನು ತನ್ನ ಕಥೆ ಯಾರು ಕೇಳುತ್ತಾರೆ?

"ಕೊನೆ ಹಾಳಾಗ್ಲಿ," ಎಂದಳು ಮುನಿತಾಯಮ್ಮ. "ನೀನು ಕೂಗಿದ್ದಕ್ಕೆ ಆ ಮುದುಕಿ ನಿಲ್ಸಿದ್ದು ನಿಜವಾ?"

"ನನ್ ಮಕ್ಕಳಾಣೆ ನಿಜ."

"ಹಂಗಾದ್ರೆ ಮೊದ್ಲಿಂದ ಹೇಳು."

ಕದಿರಮ್ಮ ಮತ್ತೆ ಕಡ್ಡಿ ಎತ್ತಿಕೊಂಡಳು. ಅಷ್ಟರಲ್ಲಿ ಪಕ್ಕದ ಬಾಣಲೆಯ ಭಾಗ್ಯಮ್ಮನ ಎಳೆ ಕಡಿಯಿತು. "ಕಡೀತು! ನಿಲ್ಸೇ!" ಎಂದು ಅವಳು ಅರಚಿದಳು.

"ಮೆಲ್ಲಗೆ ಕಣೇ," ಎಂದಳು ಮುನಿತಾಯಮ್ಮ. "ಪಾಪ, ಜಪಾನಲ್ಲೂ ಕೆಲ್ಸ ನಿಲ್ಸಿಬಿಡ್ತಾರೆ."