ಎಂಟಕ್ಕೆ ಮಲಗಬೇಕಾದ ಮಕ್ಕಳು

ಗಲಗಲಿಯ ಬಾಡಿಗೆ ಮನೆಯ ಗೋಡೆಗೆ ನಾನು ಮೊದಲು ಅಂಟಿಸಿದ್ದು ದೇವರ ಫೋಟೋ ಅಲ್ಲ, ಮಕ್ಕಳ ವೇಳಾಪಟ್ಟಿ. ಏಳಕ್ಕೆ ಊಟ, ಏಳೂವರೆಗೆ ಹಲ್ಲುಜ್ಜುವುದು, ಎಂಟಕ್ಕೆ ಮಲಗುವುದು. ಎಂಟರ ಕೆಳಗೆ ಕೆಂಪು ಸ್ಕೆಚ್ ಪೆನ್ನಿನಿಂದ ಎರಡು ಗೆರೆ ಎಳೆದಿದ್ದೆ. ಆಗ ಮಗಳಿಗೆ ಆರು ವರ್ಷ, ಮಗನಿಗೆ ಮೂರು. ನಾನು ಶಾಲೆಯ ಟೀಚರು, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು; ಈ ಊರಿನ ಶಾಲೆಗೆ ವರ್ಗವಾಗಿತ್ತು. ಗಂಡ ಬನಹಟ್ಟಿಯಲ್ಲೇ ಉಳಿದರು. ಅಲ್ಲಿ ಮನೆಗೆ ಹೊಂದಿಕೊಂಡ ಶೆಡ್ಡಿನಲ್ಲಿ ನಮ್ಮವು ಎರಡು ಪವರ್‌ಲೂಮ್ ಇವೆ, ಬಿಟ್ಟು ಬರಲಾಗುವುದಿಲ್ಲ. ನಾನೇ ದಿನಾ ಓಡಾಡೋಣವೆಂದರೆ, ಬಸ್ಸು ಬದಲಿಸಿ ಬಂದು ಮುಟ್ಟುವಷ್ಟರಲ್ಲಿ ಶಾಲೆಯ ಪ್ರಾರ್ಥನೆ ಮುಗಿದಿರುತ್ತದೆ.

ಎಂಟು ಎಂದು ನಾನು ಯಾರನ್ನೂ ಕೇಳದೆ ನಿಶ್ಚಯಿಸಿದೆ. ಕೇಳಬೇಕೆಂದು ಅನಿಸಲೂ ಇಲ್ಲ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಜಮಖಂಡಿಯ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ಬಹುಮಟ್ಟಿಗೆ ನಿಂತೇ ಹೋಗಿ ಬಂದವಳು. ಇಷ್ಟು ಓದಿದ ಮೇಲೆ ನನ್ನ ಮಕ್ಕಳು ಎಷ್ಟು ಹೊತ್ತಿಗೆ ಮಲಗಬೇಕೆಂದು ಹೇಳುವ ಅಧಿಕಾರವಾದರೂ ನನಗಿರಬೇಕಲ್ಲ?

ನಾನು ಬೆಳೆದ ಮನೆಯಲ್ಲಿ ಮಕ್ಕಳಿಗೆ ಮಲಗುವ ಹೊತ್ತು ಅಂತ ಇರಲಿಲ್ಲ. ಮಗ್ಗ ನಿಂತಾಗ ದೊಡ್ಡವರು ಮಲಗುತ್ತಿದ್ದರು. ಎಲ್ಲಿ ಕಣ್ಣು ಮುಚ್ಚಿತೋ ಅಲ್ಲಿ ನಾವು. ಲಾಳಿಯೊಳಗೆ ಕೂಡಿಸುವ ಕಡ್ಡಿಗೆ ನೂಲು ಸುತ್ತಬೇಕು. ಅದಕ್ಕೆ ಕಂಡಿಕೆ ಎನ್ನುತ್ತೇವೆ. ಅವ್ವನ ಪಕ್ಕ ಕೂತು ಕಂಡಿಕೆ ಸುತ್ತುತ್ತಲೇ ನೂಲಿನ ಗಂಟಿಗೆ ತಲೆ ಆನಿಸುತ್ತಿದ್ದೆ. ಮರುದಿನ ತರಗತಿಯಲ್ಲಿ ತೂಕಡಿಕೆ. ಮಾಸ್ತರರು ಸೀಮೆಸುಣ್ಣದ ಚೂರು ಎಸೆದು, “ಏನ್ ಬೇ, ರಾತ್ರಿ ಮಗ್ಗಾ ಎಲ್ಲಾ ನೀನ ನೇಯ್ದ್ಯೇನ?” ಎನ್ನುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ಆ ಹಾಳು ಸದ್ದೇ ನನ್ನ ನಿದ್ದೆ ತಿಂದಿತು ಎಂದು ನಂಬಿಕೊಂಡೇ ನಾನು ದೊಡ್ಡವಳಾದೆ.

ಗಲಗಲಿಯಲ್ಲಿ ಸದ್ದಿರಲಿಲ್ಲ. ಸಂಜೆಯಾದರೆ ಹೊಳೆಯ ಕಡೆಯಿಂದ ಗಾಳಿ, ಎಲ್ಲೋ ಒಂದು ಟ್ರ್ಯಾಕ್ಟರು, ಅಷ್ಟೇ. ಇಲ್ಲಿ ಮಕ್ಕಳು ಹಾಸಿಗೆ ಕಂಡ ಕೂಡಲೇ ಮಲಗುತ್ತವೆ ಎಂದುಕೊಂಡಿದ್ದೆ. ಎಂಟಕ್ಕೆ ದೀಪ ಆರಿಸಿದರೆ ಒಂಬತ್ತಾದರೂ ನಾಲ್ಕು ಕಣ್ಣು ಕತ್ತಲಲ್ಲಿ ಪಿಳಿಪಿಳಿ. ಮಗ ನೀರು ಕೇಳುವನು, ಮಗಳು ಕಾಲು ಬಡಿಯುವಳು. ಸದ್ದು ಇನ್ನೂ ಕಡಿಮೆಯಾಗಬೇಕೆಂದು ನಾನು ಕಿಟಕಿ ಮುಚ್ಚಿದೆ. ಕಿರುಗುಟ್ಟುವ ಫ್ಯಾನು ನಿಲ್ಲಿಸಿದೆ. ಗಡಿಯಾರ ಒಯ್ದು ಅಡುಗೆಮನೆಯಲ್ಲಿಟ್ಟೆ. ಪಕ್ಕದಲ್ಲೇ ಇದ್ದ ಮನೆಯೊಡತಿ ಅಜ್ಜಿಗೆ ಟಿ.ವಿ. ಸಣ್ಣಗೆ ಹಚ್ಚಲು ಹೇಳಿದೆ. ಮರುದಿನ ಆಕೆ ಬಾಗಿಲಿಗೇ ಬಂದರು.

“ಅಕ್ಕೋರ, ಟಿವಿ ಸಣ್ಣ ಮಾಡೇನ್ರಿ. ನಾಯಿಗೂ ಹೇಳೇನಿ, ಎಂಟರ ಮ್ಯಾಲೆ ಬೊಗಳಬ್ಯಾಡಪಾ, ಅಕ್ಕೋರು ಬೈತಾರಂತ.”

ನಾನು ನಗಲಿಲ್ಲ. ಈಗ ನೆನೆದರೆ ನಗು ಬರುತ್ತದೆ.

ಒಂಬತ್ತೂಕಾಲಿಗೆ, ಮಗ್ಗ ನಿಲ್ಲಿಸಿದ ಮೇಲೆ ಗಂಡನ ಫೋನು ಬರುತ್ತಿತ್ತು. ಅಷ್ಟೊತ್ತಿಗೆ ಮಕ್ಕಳು ಹೇಗೋ ಆಗಷ್ಟೇ ಕಣ್ಣು ಮುಚ್ಚಿರುತ್ತಿದ್ದವು. ಎದ್ದಾವೆಂದು ನಾನು ಫೋನು ಹಿಡಿದು ಹೊರಗಿನ ಕಟ್ಟೆಗೆ ಓಡುತ್ತಿದ್ದೆ.

“ಒಂದ್ ನಿಮಿಷ ಎಬ್ಬಸ.”

“ಆಗೂದಿಲ್ರಿ. ಎಂಟಕ್ಕ ಮಲಗಬೇಕಂದ್ರ ಮಲಗಬೇಕು.”

“ನನ್ನ ಮಕ್ಕಳ ಮಾರಿ ನೋಡಾಕ ನಾ ಅರ್ಜಿ ಕೊಡಬೇಕೇನ್ರಿ ಅಕ್ಕೋರ?”

“ಕೊಡ್ರಿ. ನೋಡೋಣಂತ.”

“ಸಣ್ಣಾವ ನನ್ನ ಮರತನಂದ್ರ ಆಗ ಏನ್ ಮಾಡ್ತಿ?”

ನಾನು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ: ಕರೆಂಟು ಹೋದದ್ದು, ಅತ್ತೆಯ ಮೊಣಕಾಲು, ನನ್ನ ಶಾಲೆಯ ಬಿಸಿಯೂಟ. ಜಗಳದಿಂದ ಶುರುವಾಗಿ ಅರ್ಧ ತಾಸು ನಡೆಯುತ್ತಿತ್ತು.

ಒಂದು ಸಂಜೆ ಮಗ “ಅಪ್ಪಾ ಬೇಕು” ಎಂದು ರಚ್ಚೆ ಹಿಡಿದ. ಎಂಟು ಹೊಡೆದಿತ್ತು. ಬೇರೆ ದಾರಿ ಕಾಣದೆ ನಾನೇ ವಿಡಿಯೋ ಕಾಲ್ ಮಾಡಿದೆ. ಗಂಡ ಮಗ್ಗದ ಮುಂದಿದ್ದರು. ಖಟಖಟ ಸದ್ದಿನಲ್ಲಿ ಮಾತು ಕೇಳುವ ಹಾಗೇ ಇರಲಿಲ್ಲ. ಆದರೆ ನಮ್ಮ ಶೆಡ್ಡುಗಳಲ್ಲಿ ಯಾರೂ ಬಾಯಿಂದ ಮಾತಾಡುವುದಿಲ್ಲ, ಕೈಯಿಂದ ಮಾತಾಡುತ್ತಾರೆ. ಚಹಾ ಬಂತು, ಕಂಡಿಕೆ ತಾ, ಇಲ್ಲಿ ಬಾ, ಎಲ್ಲಕ್ಕೂ ಒಂದೊಂದು ಕೈಸನ್ನೆ. ನನ್ನ ಮಗಳು ಕೆನ್ನೆಗೆ ಅಂಗೈ ಹಚ್ಚಿ, ಆಮೇಲೆ ಕೈ ಅಲ್ಲಾಡಿಸಿದಳು. ನಿದ್ದೆ ಬರುತ್ತಿಲ್ಲ ಎಂದರ್ಥ. ಅವರು ನಕ್ಕರು. ಫೋನನ್ನು ಎದುರಿನ ಗೋಡೆಯ ಗೂಡಿನಲ್ಲಿ ನಿಲ್ಲಿಸಿ, ಮಲಗಿ ಎಂದು ಸನ್ನೆ ಮಾಡಿ ನೇಯತೊಡಗಿದರು. ನಾನು ಫೋನನ್ನು ದಿಂಬಿನ ಹತ್ತಿರ ಒರಗಿಸಿ, ಹಾಲಿಗೆ ಹೆಪ್ಪು ಹಾಕಿ ಬಂದೆ. ಇಬ್ಬರೂ ಮಲಗಿದ್ದರು.

ಬಿ.ಎಡ್. ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ ಆ ಮಕ್ಕಳು ಕೇಳಿದ್ದು ಅದೇ ಸದ್ದು. ನಾನು ಮನೆಯನ್ನು ಎಷ್ಟು ಸದ್ದಿಲ್ಲದಂತೆ ಮಾಡಿದೆನೋ ಅಷ್ಟು ಅವುಗಳ ನಿದ್ದೆ ದೂರ ಹೋಗಿತ್ತು. ಚಿಕ್ಕಂದಿನಲ್ಲಿ ನನ್ನ ನಿದ್ದೆ ತಿಂದದ್ದೂ ಮಗ್ಗದ ಸದ್ದಲ್ಲ, ನನ್ನ ಕೈಯಲ್ಲಿದ್ದ ಕೆಲಸ.

ಅಂದಿನಿಂದ ದಿನವೂ ಎಂಟಕ್ಕೆ ಮಗ್ಗದ ಕಾಲ್. ಅವರು ಮಕ್ಕಳ ಮುಖ ನೋಡಿದರು, ಮಕ್ಕಳು ಅವರನ್ನು ನೋಡಿದವು, ನನ್ನ ಎಂಟು ಗಂಟೆಯೂ ಉಳಿಯಿತು. ಎಲ್ಲರಿಗೂ ಛಲೋ ಆಯಿತು. ಆದರೆ ಒಂಬತ್ತೂಕಾಲಿನ ಫೋನು ನಿಂತುಹೋಯಿತು. ಮಕ್ಕಳನ್ನು ನೋಡಿ ಆಗಿದೆಯಲ್ಲ. ಮಗ್ಗ ನಿಲ್ಲಿಸಿ, ಉಂಡು, ಮಲಗುತ್ತಿದ್ದರು.

ನಾನು ಮಾತ್ರ ರೂಢಿಯ ಮೇಲೆ ಕಟ್ಟೆಗೆ ಹೋಗಿ ಕೂರುತ್ತಿದ್ದೆ. ಆ ಜಗಳ ನನ್ನ ಇಡೀ ದಿನದಲ್ಲಿ ದೊಡ್ಡವರೊಬ್ಬರು ನನ್ನೊಂದಿಗೆ ಆಡುತ್ತಿದ್ದ ಒಂದೇ ಮಾತಾಗಿತ್ತು ಎಂದು ಅದು ಹೋದ ಮೇಲೆ ತಿಳಿಯಿತು. ಶಾಲೆಯಲ್ಲಿ ಎಲ್ಲರಿಗೂ ನಾನು ಅಕ್ಕೋರು. ಓಣಿಯಲ್ಲಿ ಹೆಂಗಸರು ಕೂಡಿ ಹರಟುವಾಗ ನಾನು ಬಂದರೆ ಸೆರಗು ಸರಿ ಮಾಡಿಕೊಂಡು ಸುಮ್ಮನಾಗುತ್ತಿದ್ದರು.

“ಈಗ ಯಜಮಾನ್ರ ಫೋನ ಬರೂದಿಲ್ಲೇನ್ರಿ?” ಅಜ್ಜಿ ಒಂದು ದಿನ ಕೇಳಿದರು.

“ಎಂಟಕ್ಕ ಬರತೈತ್ರಿ.”

“ಅದು ಹುಡುಗರಿಗಲ್ರೀ? ನಿಮಗ ಯಾವಾಗ ಬರತೈತಿ?”

ಮರುದಿನ ಮಕ್ಕಳು ಮಲಗಿದ ಮೇಲೆ ಕಾಲ್ ಕಡಿಯದೆ ನೋಡುತ್ತಾ ಕೂತೆ. ಅವರು ಇನ್ನೊಂದು ಮಗ್ಗದ ಕಡೆ ತಿರುಗಿದ್ದರು, ಬೆನ್ನಷ್ಟೇ ಕಾಣುತ್ತಿತ್ತು. ಬನಿಯನ್ನಿನ ಹಿಂದೊಂದು ತೂತು. ಸುಮಾರು ಹೊತ್ತಿನ ಮೇಲೆ ಅವರು ಫೋನಿನ ಕಡೆ ತಿರುಗಿದರು. ನಾನು ಎರಡೂ ಅಂಗೈ ಅಗಲಿಸಿ ಮೇಲೆತ್ತಿದೆ. ಮಗ್ಗ ನಿಲ್ಲಿಸು ಎಂಬ ಸನ್ನೆ ಅದು. ಏನಾದರೂ ಅನಾಹುತವಾದಾಗಲಷ್ಟೇ ಮಾಡುವಂಥದು. ಅವರು ಹಾರಿ ಎರಡೂ ಮಗ್ಗ ಬಂದ್ ಮಾಡಿದರು.

“ಏನಾತು? ಯಾರಿಗೆ ಏನಾತು ಬೇ?”

“ಯಾರಿಗೂ ಏನೂ ಆಗಿಲ್ರಿ.”

“ಮತ್ತ?”

“ನನ್ನ ಕೂಡಾನೂ ಮಾತಾಡ್ರಿ.”

ಅವರು ಫೋನು ಕೈಗೆ ತೆಗೆದುಕೊಂಡರು. ಹಣೆಯ ಬೆವರು ಒರೆಸಿಕೊಂಡರು. “ಎದಿ ಒಡದಂಗಾತಲ್ಲ ಹುಚ್ಚಿ. ಏನ್ ಮಾತಾಡ್ಲಿ?”

ಅಷ್ಟರಲ್ಲಿ ಮಗ ಎದ್ದು ಕೂತ. “ಅಪ್ಪಾ, ಮಗ್ಗಾ ಯಾಕ ನಿಂತೈತಿ?”

“ನಿಮ್ಮವ್ವ ನಿಲ್ಲಸ್ಯಾಳ. ನೀ ಮಲಕ್ಕೋ, ಇಲ್ಲಂದ್ರ ಅಕ್ಕೋರು ಬೈತಾರ.”

“ಕುಂದರಲಿ ಬಿಡ್ರಿ,” ಎಂದೆ. ಎಂಟೂವರೆ ದಾಟಿತ್ತು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಸ್ವಲ್ಪ ಹೊತ್ತು ಮೂವರೂ ಅತ್ತೆಯ ಮೊಣಕಾಲಿನ ಬಗ್ಗೆ, ಶೆಡ್ಡಿನಲ್ಲಿ ಮರಿ ಹಾಕಿದ ಬೆಕ್ಕಿನ ಬಗ್ಗೆ ಮಾತಾಡಿದೆವು. ಆಮೇಲೆ ಅವರು, “ಸೀರಿ ನಾಳೆ ಕೊಡಬೇಕು. ಚಾಲೂ ಮಾಡ್ಲಿ?” ಎಂದರು. ಹೂಂ ಎಂದೆ. ಸದ್ದು ಶುರುವಾಯಿತು, ಮಗ ತೊಡೆಯ ಮೇಲೇ ಮಲಗಿದ.

ಗೋಡೆಯ ಮೇಲಿನ ಎಂಟು ಈಗಲೂ ಎಂಟೇ. ಒಂಬತ್ತೂಕಾಲಿನ ಫೋನು ಕೆಲವು ದಿನ ಬರುತ್ತದೆ. ಅವರಿಗೆ ನಿದ್ದೆ ಎಳೆಯುತ್ತಿರುತ್ತದೆ, ನಾನು ಹೇಳಿದ್ದಕ್ಕೆಲ್ಲ ಹೂಂ ಹೂಂ ಎನ್ನುತ್ತಾರೆ. ಬಾರದ ದಿನ ನೋಟ್‌ಬುಕ್ಕಿನ ಕಟ್ಟು ಹೊರಗೆ ತಂದು ಕಟ್ಟೆಯ ದೀಪದಲ್ಲಿ ತಿದ್ದುತ್ತೇನೆ. ಫೋನನ್ನು ಮಾತ್ರ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.