ಎಡಗೈಯ ತುತ್ತು

ಅಮ್ಮನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದಾಗ ಮನೆಯವರೆಲ್ಲ ಅತ್ತರು. ನಾನೂ ಅತ್ತೆ. ಆದರೆ ಒಪ್ಪಿಕೊಂಡುಬಿಡುತ್ತೇನೆ, ಒಳಗೆಲ್ಲೋ ಒಂದು ಮೂಲೆಯಲ್ಲಿ, ಈಗ ಗೊತ್ತಾಗುತ್ತೆ ಬಿಡು ಅಂತಲೂ ಅನ್ನಿಸಿತ್ತು.

ನಾನು ಹುಟ್ಟಾ ಎಡಚಿ. ಗುಬ್ಬಿ ಊರಿನ ಮನೆಯಲ್ಲಿ, ನನಗಾಗ ಐದು ವರ್ಷ, ಊಟಕ್ಕೆ ಕೂತ ಕೂಡಲೇ ಅಮ್ಮ ನನ್ನ ಎಡಗೈಯನ್ನು ಬೆನ್ನ ಹಿಂದೆ ತಂದು ಹಳೇ ಸೀರೆಯ ಅಂಚಿನಿಂದ ಕಟ್ಟುತ್ತಿದ್ದಳು. ಅಜ್ಜಿ ಪಾಪ ಎಂದರೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವಳು. ನಾನು ಬಗ್ಗಿದೆ. ಬಲಗೈ ಉಣ್ಣುವುದನ್ನೂ ಬರೆಯುವುದನ್ನೂ ಕಲಿಯಿತು. ಅಕ್ಷರ ಮಾತ್ರ ಇವತ್ತಿಗೂ ಕಾಗೆಕಾಲು ಗುಬ್ಬಿಕಾಲು.

ಈಗ ಉಪ್ಪಾರಹಳ್ಳಿಯ ನನ್ನ ಮನೆಯಲ್ಲಿ ನಾನೇ ಅಮ್ಮನಿಗೆ ತುತ್ತು ಕೊಡುತ್ತಿದ್ದೆ. ಒಂದೂವರೆ ಮುದ್ದೆ ಉಣ್ಣುತ್ತಿದ್ದವಳು ನಾಲ್ಕು ತುತ್ತಿಗೇ ಸಾಕು ಎನ್ನುತ್ತಿದ್ದಳು. ಇನ್ನೊಬ್ಬರ ಕೈಯಿಂದ ಉಣ್ಣುವ ನಾಚಿಕೆಗೇ ಇಳಿದುಹೋದಳು. ಚಮಚ ಬೇಡ. ಎಡಗೈಯಲ್ಲಿ ಉಣ್ಣು ಎಂದರೆ ಮುಖ ತಿರುಗಿಸುವಳು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಕುಣಿಗಲ್ ಕಡೆಯ ಫಿಸಿಯೋಥೆರಪಿ ಹುಡುಗಿ, ಹೀಗೇ ಆದರೆ ಎದ್ದು ನಿಲ್ಲುವ ಶಕ್ತಿಯೂ ಉಳಿಯುವುದಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದಳು. ನನಗೆ ಭಯವಾಯಿತು.

ಮಾರನೇ ಬೆಳಿಗ್ಗೆ ಪೂಜೆಗೆ ಅಮ್ಮ ಎಂದಿನಂತೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡಳು. ಹೂವು, ವಿಭೂತಿ ನಾನು ಏರಿಸಿದೆ. ಮುಗಿದ ಮೇಲೆ ಕೇಳಿದೆ: "ಲಿಂಗ ಕೂತ್ಕೊಳ್ಳೋ ಕೈ ಅಮ್ಮ ಇದು. ತುತ್ತಿಗೆ ಆಗಲ್ವಾ?"

ಅವಳು ಲಿಂಗವನ್ನು ಕಣ್ಣಿಗೊತ್ತಿಕೊಂಡಳು. ಮಧ್ಯಾಹ್ನ ತಟ್ಟೆಯನ್ನು ತಾನೇ ಎಡಕ್ಕೆ ಎಳೆದುಕೊಂಡಳು.

ಆ ಕೈಗೆ ಮುದ್ದೆ ಮುರಿಯಲು ಗೊತ್ತೇ ಇರಲಿಲ್ಲ. ಬೆರಳೆಲ್ಲ ಅಂಟಿಕೊಂಡವು, ಬಸ್ಸಾರು ಮೊಣಕೈವರೆಗೆ ಇಳಿಯಿತು. ಹೆಬ್ಬೆರಳಿನಿಂದ ಒತ್ತಿ ಉರುಳಿಸು ಎಂದೆ.

"ಎಂಗೆ? ತೋರ್ಸು ನೋಡಾನ."

ಎಡಚಿ ಅಲ್ಲವೇ ನಾನು, ಜಂಬದಿಂದ ಎಡಗೈ ಹಾಕಿದೆ. ನನಗೂ ಆಗಲಿಲ್ಲ. ಕಟ್ಟಿಹಾಕಿದ್ದ ಕೈ, ಮುದ್ದೆಯನ್ನು ಯಾವತ್ತು ಕಂಡಿತ್ತು? ತುತ್ತು ಜಾರಿ ಸೀದಾ ನನ್ನ ಮಡಿಲಿಗೆ ಬಿತ್ತು. ಅಮ್ಮ ಸೊಟ್ಟ ಬಾಯಲ್ಲೇ ನಕ್ಕಳು. ಲಕ್ವ ಹೊಡೆದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಅವತ್ತಿನಿಂದ ಇಬ್ಬರೂ ಎದುರುಬದುರು ಕೂತು ಎಡಗೈಯಲ್ಲೇ ಉಂಡೆವು. ಕೈಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಮಾಡಿಸಿ ಮಾಡಿಸಿ ಅದಕ್ಕೇ ಬೇಸರ ಬರಬೇಕು ಎನ್ನುತ್ತಿದ್ದಳು ಆ ಫಿಸಿಯೋಥೆರಪಿ ಹುಡುಗಿ. ಕೈಗೇನೋ ಗೊತ್ತಿಲ್ಲ, ಸಾರಿನ ಕಲೆ ಒಗೆದು ಒಗೆದು ನನಗಂತೂ ಬೇಸರ ಬಂತು. ಮೂರು ವಾರ ಕಳೆದಿರಬೇಕು, ಅಮ್ಮ ಟೀವಿ ನೋಡುತ್ತಾ ಉಣ್ಣುತ್ತಿದ್ದಳು. ಎಡಗೈ ತಾನಾಗಿಯೇ ಮುರಿಯಿತು, ಉರುಳಿಸಿತು, ಅದ್ದಿ ಬಾಯಿಗಿಟ್ಟಿತು. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಕೈಗೆ ಗೊತ್ತಾಗಿಬಿಡುತ್ತದೇನೋ ಎಂಬ ಹೆದರಿಕೆ.

ಮುದ್ದೆ ಮುಗಿಯುತ್ತಾ ಬಂದಾಗ ಅವಳ ಕಣ್ಣು ಟೀವಿ ಬಿಟ್ಟು ನನ್ನ ಎಡಗೈ ಮೇಲಿತ್ತು. ಅದು ಅವಳದಕ್ಕಿಂತ ಚುರುಕಾಗಿತ್ತು.

"ಆಗ ಕಟ್ತಿದ್ನಲ್ಲ," ಎಂದಳು. "ನೋಯ್ತಿತ್ತೇನೇ?"

ಇಲ್ಲ ಎನ್ನಬಹುದಿತ್ತು.

"ನೋಯ್ತಿತ್ತಮ್ಮ."

ಅವಳು ಕೊನೆಯ ತುತ್ತು ಉರುಳಿಸಿದಳು, ಸಾರಿಗೆ ಅದ್ದಿದಳು, ಆ ಎಡಗೈಯಿಂದಲೇ ನನ್ನ ಬಾಯಿಗಿಟ್ಟಳು.